ಶಿಕ್ಷೆಯಾದ ಮೇಲೆ ಮುಂದೇನು ಅಂತ ಕನ್ನಡದಲ್ಲಿ ಹೇಳಿ

ಮಾನ್ಯರೇ,

ಕೊಲೆ, ದರೋಡೆಯಂಥ ಕೇಸಿನಲ್ಲಿ ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟಿತು ಅಂದರೆ ಎಷ್ಟೋ ಮನೆಯವರು ಎಲ್ಲ ಮುಗಿದೇ ಹೋಯ್ತು ಅಂತ ಕೈಚೆಲ್ಲಿ ಕೂರುತ್ತಾರೆ. ಮುಗಿದಿರುವುದಿಲ್ಲ. ಹೈಕೋರ್ಟಿಗೆ ಅಪೀಲು ಹೋಗುವುದು ಶಿಕ್ಷೆಯಾದವರ ಹಕ್ಕು. ಅದಕ್ಕೆ 60 ದಿನ ಟೈಮು, ಮರಣದಂಡನೆಯಾದರೆ 30. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಡವಾದರೂ ತಕ್ಕ ಕಾರಣ ಕೊಟ್ಟು ಮನ್ನಿಸಿ ಅಂತ ಕೇಳಬಹುದು.

ನಮ್ಮ ಬೀದಿಯ ಹುಡುಗನೊಬ್ಬನಿಗೆ 10 ವರ್ಷ ಶಿಕ್ಷೆಯಾಯಿತು. ಅವನ ತಾಯಿ ಮನೆಗೆಲಸಕ್ಕೆ ಹೋಗುವವರು. ಇಂಗ್ಲಿಷಿನ ತೀರ್ಪಿನ ಕಂತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡು, ಓದು ಬಲ್ಲವರು ಕಂಡರೆ ಸಾಕು, 'ಇದರಲ್ಲಿ ಏನಿದೆ ನೋಡಿ ಹೇಳಪ್ಪಾ' ಅನ್ನುತ್ತಿದ್ದರು. ಎಲ್ಲರೂ ಕೊನೆಯ ಪುಟ ತೆಗೆದು ಎಷ್ಟು ವರ್ಷ, ಎಷ್ಟು ದಂಡ ಅಂತ ಹೇಳಿ ಸುಮ್ನೆ ವಾಪಸ್ ಕೊಡುತ್ತಿದ್ದರು. ಅಪೀಲಿಗೆ ಲಕ್ಷಗಟ್ಟಲೆ ಬೇಕು ಅಂತ ಯಾರೋ ಹೇಳಿದ್ದಕ್ಕೆ ಆಕೆ ಸಾಲ ಹುಡುಕುತ್ತಾ ಅಲೆದರು.

ಸಾಲ ಬೇಕೇ ಇರಲಿಲ್ಲ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಅದಕ್ಕೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು. ಪರಪ್ಪನ ಅಗ್ರಹಾರದಲ್ಲಿರುವವರು ಜೈಲಿನ ಅಧಿಕಾರಿ ಕೈಗೇ ಅಪೀಲು ಕೊಡಬಹುದು, ಅವರು ಅದನ್ನು ಕೋರ್ಟಿಗೆ ಕಳಿಸಲೇಬೇಕು. ಅಪೀಲಿನ ಜೊತೆಗೇ ಅಪೀಲು ಮುಗಿಯುವ ತನಕ ಶಿಕ್ಷೆ ತಡೆಹಿಡಿದು ಜಾಮೀನು ಕೊಡಿ ಅಂತಲೂ ಕೇಳಬಹುದು. ಹೈಕೋರ್ಟಿನಲ್ಲಿ ಸೋತರೆ ಸುಪ್ರೀಂ ಕೋರ್ಟ್ ಇದೆ, ಆದರೆ ಅಲ್ಲಿ ಸಾಮಾನ್ಯವಾಗಿ ಕೋರ್ಟ್ ಅನುಮತಿ ಕೊಟ್ಟರೆ ಮಾತ್ರ ಅಪೀಲು.

ನೊಂದವರ ಕಡೆಯವರಿಗೆ ಇದು ಬೇಸರ ತರಬಹುದು, ಅದು ಅರ್ಥವಾಗುತ್ತದೆ. ಆದರೆ ತೀರ್ಪು ಸರಿಯಿದ್ದರೆ ಹೈಕೋರ್ಟ್ ಅದನ್ನೇ ಎತ್ತಿಹಿಡಿಯುತ್ತದೆ ಅಲ್ವಾ?

ತೀರ್ಪಿನ ನಕಲು ಉಚಿತವಾಗಿ ಕೈಗೆ ಸಿಗಬೇಕು, ಅಪೀಲಿಗೆ ವಕೀಲರ ನೆರವೂ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಹಳೆಯ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ನಕಲು ಉಚಿತ. ಸಾಧ್ಯವಿದ್ದರೆ ತಮ್ಮ ಭಾಷೆಗೆ ಅನುವಾದ ಮಾಡಿಸಿ ಕೊಡಿ ಅಂತಲೂ ಕೇಳಬಹುದು. ಕೇಳಬಹುದು ಅನ್ನೋದೇ ಗೊತ್ತಿಲ್ಲದವರು ಹೇಗೆ ಕೇಳುತ್ತಾರೆ?

ಹಾಗಾಗಿ ಹೈಕೋರ್ಟಿಗೂ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೂ ನನ್ನ ಬೇಡಿಕೆ ಒಂದೇ. ತೀರ್ಪಿನ ಜೊತೆ ಕನ್ನಡದ ಒಂದು ಹಾಳೆ ಪಿನ್ ಮಾಡಿ ಕೊಡಿ. ಅಪೀಲಿಗೆ ಕೊನೆಯ ದಿನ ಯಾವುದು, ಉಚಿತ ವಕೀಲರಿಗೆ ಎಲ್ಲಿಗೆ ಹೋಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಹಾಕಿ. ಓದಲು ಬಾರದವರಿಗೆ ಕೋರ್ಟ್ ಹಾಲಿನಲ್ಲೇ ಓದಿ ಹೇಳಿಸಿ.

ಒಬ್ಬ ಓದುಗ, ಶ್ರೀರಾಮಪುರ, ಬೆಂಗಳೂರು