ಪಿಎಫ್ ತೆಗೆಯಬೇಡ ಮಗಳೇ

ಪ್ರೀತಿಯ ಮಗಳೇ,

ಹೊಸ ಕೆಲಸಕ್ಕೆ ಸೇರುವ ಮೊದಲು ಹಳೇ ಕಂಪೆನಿಯ ಪಿಎಫ್ ತೆಗೆದು ಸ್ಕೂಟರ್ ಕೊಳ್ಳಲಾ ಎಂದು ಕೇಳಿದ್ದೆ. ಫೋನಿನಲ್ಲಿ ಬೇಡ ಅಂದೆ. ಯಾಕೆ ಬೇಡ ಎಂದು ಸಮಾಧಾನವಾಗಿ ಹೇಳಬೇಕು ಅನ್ನಿಸಿತು, ಅದಕ್ಕೇ ಈ ಪತ್ರ.

ನೀನು ಕಳಿಸಿದ ಸಂಬಳದ ಸ್ಲಿಪ್ ನೋಡಿದೆ. ನಿನ್ನಿಂದ ಪಿಎಫ್‌ಗೆ 1,800 ರೂಪಾಯಿ ಹಿಡಿಯುತ್ತಾರೆ. ಕಂಪೆನಿಯೂ ಅಷ್ಟೇ ಹಾಕುತ್ತದೆ, ಆದರೆ ಅದರಲ್ಲಿ 1,250 ಪೆನ್ಷನ್ ಫಂಡಿಗೆ ಹೋಗುತ್ತದೆ, 550 ಮಾತ್ರ ನಿನ್ನ ಪಿಎಫ್‌ಗೆ. ಒಟ್ಟು ತಿಂಗಳಿಗೆ 2,350. ಈಗ ನೋಡಿದರೆ ಸಣ್ಣ ಮೊತ್ತವೇ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ನೂರಕ್ಕೆ 8.25 ಬಡ್ಡಿ ಸಿಕ್ಕಿದೆ. ಐದು ವರ್ಷದ ಸರ್ವಿಸ್ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಹೊಸ ಕಂಪೆನಿಗೆ ವರ್ಗ ಮಾಡಿಸಿದರೆ ಹಳೇ ಸರ್ವಿಸೂ ಲೆಕ್ಕಕ್ಕೆ ಸೇರುತ್ತದೆ. ಪೆನ್ಷನ್ ಬರಬೇಕಾದರೆ ಹತ್ತು ವರ್ಷದ ಸರ್ವಿಸ್ ಬೇಕು. ಪ್ರತಿ ಸಲ ಕೆಲಸ ಬದಲಿಸುವಾಗ ದುಡ್ಡು ತೆಗೆಯುತ್ತಾ ಹೋದರೆ ಪ್ರತಿ ಸಲವೂ ಸೊನ್ನೆಯಿಂದಲೇ ಶುರು.

ನಿನ್ನ ಅಜ್ಜಿಯನ್ನೇ ನೋಡು. ಬೀಡಿ ಕಾರ್ಮಿಕರಿಗೆ ಪಿಎಫ್ ಬಂದದ್ದು 1977ರಲ್ಲಿ. ಅಡುಗೆ, ದನದ ಕೆಲಸ ಎಲ್ಲ ಮುಗಿಸಿ ತಡ್ಪೆ (ಮೊರ) ಮಡಿಲಿಗಿಟ್ಟು ಕೂತರೆ ರಾತ್ರಿಯವರೆಗೂ ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಮಜೂರಿಯಿಂದ ಪಿಎಫ್ ಹಿಡಿಯುವಾಗ ಅಕ್ಕಪಕ್ಕದವರು ಗೊಣಗುತ್ತಿದ್ದರಂತೆ. ಮನೆಯಲ್ಲಿ ಎಷ್ಟು ಕಷ್ಟ ಬಂದರೂ ಅಜ್ಜಿ ಆ ದುಡ್ಡು ಮುಟ್ಟಲಿಲ್ಲ. ಬೀಡಿ ಬಿಟ್ಟ ಮೇಲೆ ಬಂದ ಇಡುಗಂಟನ್ನು ಪೋಸ್ಟ್ ಆಫೀಸಿನಲ್ಲಿಟ್ಟರು. ಪೆನ್ಷನ್ ಬರುವುದು ಸಾವಿರದ ಚಿಲ್ಲರೆ. ಅದು ಬಿಪಿ ಮಾತ್ರೆಗೇ ಸರಿಹೋಗುತ್ತದೆ. ಆದರೂ ಮೆಡಿಕಲ್‌ಗೆ ಹೋಗುವಾಗ ನನ್ನ ಕೈ ನೋಡುವುದಿಲ್ಲ, ನಿನ್ನ ಮಾವನ ಕೈಯೂ ನೋಡುವುದಿಲ್ಲ. ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸಲು ಬೆರಳು ಒತ್ತಬೇಕಲ್ವಾ, ಬೀಡಿ ಕಟ್ಟಿ ಕಟ್ಟಿ ಗೆರೆ ಸವೆದು ಮೆಷಿನ್ ಹಿಡಿಯುತ್ತಿರಲಿಲ್ಲ. ಈಗ ಮೊಬೈಲಿಗೆ ಮುಖ ತೋರಿಸಿದರೆ ಆಗುತ್ತದೆ. ಅವತ್ತು ಒಳ್ಳೆ ಸೀರೆ ಉಟ್ಟು, ತಲೆ ಬಾಚಿ ಕೂರುತ್ತಾರೆ.

ನಿನಗೂ ಆ ಧೈರ್ಯ ಬೇಕು ಎಂಬುದು ನನ್ನ ಆಸೆ. ಆದರೆ ನಿನ್ನ ಕಾಲಕ್ಕೆ ಪಿಎಫ್ ಒಂದೇ ಸಾಲದು. ಸ್ವಲ್ಪ ಲೆಕ್ಕ ಹಾಕೋಣ.

ಈಗ ನಿನಗೆ 24. 60 ಆಗಲು 36 ವರ್ಷ ಉಂಟು. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೊಮ್ಮೆ ಖರ್ಚು ದುಪ್ಪಟ್ಟಾಗುತ್ತದೆ. 36 ವರ್ಷಕ್ಕೆ ಎಂಟು ಪಟ್ಟು. ಇವತ್ತು ತಿಂಗಳಿಗೆ 30,000ದಲ್ಲಿ ನಡೆಯುವ ಮನೆಗೆ ಅವತ್ತು 2,40,000 ಬೇಕು. ಪಿಎಫ್ ಪೆನ್ಷನ್ನಿಗೆ ಈಗಿನ ಮಿತಿ 15,000 ಸಂಬಳ. ಅದನ್ನು ಸರ್ವಿಸಿನ ವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 35 ವರ್ಷ ದುಡಿದರೂ ಸಿಗುವುದು 7,500ರ ಆಸುಪಾಸು. ಎಲ್ಲಿಗೆ ಸಾಕು ಹೇಳು?

ಅದಕ್ಕೇ ಒಂದು ಎಸ್‌ಐಪಿ ಶುರು ಮಾಡು, ಅಂದರೆ ಪ್ರತಿ ತಿಂಗಳೂ ಇಷ್ಟೆಂದು ಮ್ಯೂಚುವಲ್ ಫಂಡಿಗೆ ಹಾಕುವುದು. ನಿಫ್ಟಿ 50, ಅಂದರೆ ಐವತ್ತು ದೊಡ್ಡ ಕಂಪೆನಿಗಳ ಷೇರು ಸೂಚ್ಯಂಕ, ಅದನ್ನೇ ಅನುಸರಿಸುವ ಇಂಡೆಕ್ಸ್ ಫಂಡ್ ಸಾಕು, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ತಿಂಗಳಿಗೆ 5,000 ಹಾಕಿ, ನೂರಕ್ಕೆ ಹತ್ತರಂತೆ ಬೆಳೆದರೆ 36 ವರ್ಷಕ್ಕೆ ಸುಮಾರು 2 ಕೋಟಿ 10 ಲಕ್ಷ. ಅದನ್ನೇ ಹತ್ತು ವರ್ಷ ತಡವಾಗಿ ಶುರು ಮಾಡಿದರೆ 74 ಲಕ್ಷದ ಹತ್ತಿರ. ನೀನು ಕೈಯಿಂದ ಕಮ್ಮಿ ಹಾಕುವುದು 6 ಲಕ್ಷ, ಕಳೆದುಕೊಳ್ಳುವುದು ಒಂದು ಕಾಲು ಕೋಟಿಗೂ ಜಾಸ್ತಿ. ಹತ್ತು ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದು ಕೊಡುವುದಿಲ್ಲ. 2020ರ ಮಾರ್ಚಿನಲ್ಲಿ ನಿಫ್ಟಿ ಎರಡೇ ತಿಂಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಕುಸಿದಿತ್ತು, ಅದೇ ನವೆಂಬರಿಗೆ ಮತ್ತೆ ಮೇಲೆ ಬಂತು. ಅಂಥ ದಿನಗಳಲ್ಲಿ ಸುಮ್ನೆ ಇರಬೇಕು.

ಇನ್ನೊಂದು ಮಾತು. ಆ 2 ಕೋಟಿ ಕೇಳಿ ಸಮಾಧಾನಪಡಬೇಡ. ಬೆಲೆ ಎಂಟು ಪಟ್ಟಾದ ಮೇಲೆ ಅದರ ಬೆಲೆ ಇವತ್ತಿನ 26 ಲಕ್ಷವಷ್ಟೇ. ಹಾಗಾಗಿ ಸಂಬಳ ಏರಿದ ತಿಂಗಳೇ ಎಸ್‌ಐಪಿಯನ್ನೂ ಏರಿಸು. ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ.

ನಮ್ಮ ಊರಿನವರಿಗೆ ಉಳಿಸುವುದು ಹೊಸತಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಉಡುಪಿಯಲ್ಲೇ ಪಿಗ್ಮಿ ಶುರು ಮಾಡಿತು, ದಿನಕ್ಕೆ ಎರಡಾಣೆಯಂತೆ. ಸ್ಕೂಟರಿಗೆ ಪಿಗ್ಮಿಯೋ ಆರ್‌ಡಿಯೋ ಕಟ್ಟು, ಒಂದು ವರ್ಷ ಬಸ್ಸಿನಲ್ಲಿ ಹೋಗು. ಆರು ತಿಂಗಳ ಖರ್ಚು ಎಫ್‌ಡಿಯಲ್ಲಿರಲಿ. ಟ್ಯಾಕ್ಸ್ ಉಳಿಯುತ್ತದೆ ಎಂದು ಯಾರಾದರೂ ಪಾಲಿಸಿ ತಂದರೆ ನನಗೆ ಫೋನ್ ಮಾಡದೆ ಸಹಿ ಹಾಕಬೇಡ. ಚಿನ್ನದ ವಿಷಯ ಅಪ್ಪನ ಹತ್ತಿರ ಮಾತಾಡು, ಅವರ ಅಭಿಪ್ರಾಯವೇ ಬೇರೆ.

ಹೊಸ ಕಂಪೆನಿಯಲ್ಲಿ ಪಿಎಫ್ ಖಾತೆಯ ಹಳೇ ಯುಎಎನ್ ನಂಬರನ್ನೇ ಕೊಡು, ಹೊಸದು ಮಾಡಿಸಬೇಡ. ನಾಮಿನಿಯನ್ನೂ ಆನ್‌ಲೈನಿನಲ್ಲಿ ಹಾಕು. ಸದ್ಯಕ್ಕೆ ನನ್ನ ಹೆಸರು ಸಾಕು. ಮದುವೆಯಾದ ಕೂಡಲೇ ಆ ನಾಮಿನೇಷನ್ ರದ್ದಾಗುತ್ತದೆ, ಆಗ ಮರೆಯದೆ ಹೊಸದಾಗಿ ಹಾಕಬೇಕು.

ಇತಿ ನಿನ್ನ ಅಮ್ಮ
ಉಡುಪಿ