ರಾತ್ರಿ ಎಚ್ಚರ ಇರುವವರ ಸಂಬಳಕ್ಕೆ ಒಂದು ಮನವಿ

ಆತ್ಮೀಯರೇ,

ಧಾರವಾಡದ ನಮ್ಮ ಟ್ರಸ್ಟಿನ ಮನೆಗಳಿಗೆ ನಿಮ್ಮಲ್ಲಿ ಕೆಲವರು ಬಂದು ಹೋಗಿದ್ದೀರಿ. ಬಾರದವರಿಗಾಗಿ ಎರಡು ಮಾತು. ಅಕ್ಕಪಕ್ಕದ ಓಣಿಗಳಲ್ಲಿ ಎರಡು ಬಾಡಿಗೆ ಮನೆ. ಒಂದರಲ್ಲಿ ಐದು ಜನ ಗಂಡಸರು, ಇನ್ನೊಂದರಲ್ಲಿ ನಾಲ್ಕು ಜನ ಹೆಂಗಸರು. ಎಲ್ಲರೂ 30 ದಾಟಿದವರು. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇರುವವರು. ಆಸ್ಪತ್ರೆಯಲ್ಲೇ ಇರಬೇಕು ಅನ್ನುವಷ್ಟು ತೊಂದರೆ ಈಗಿಲ್ಲ. ಒಬ್ಬರೇ ಮನೆ ಮಾಡಿಕೊಂಡು ಇರುವಷ್ಟು ಗಟ್ಟಿಯೂ ಆಗಿಲ್ಲ. ಕೆಲವರ ಅಪ್ಪ ಅವ್ವನಿಗೆ ವಯಸ್ಸಾಗಿದೆ. ಕೆಲವರಿಗೆ ಅವರೂ ಇಲ್ಲ.

1845ರಿಂದ ಮನೋರೋಗಿಗಳ ಆಸ್ಪತ್ರೆ ಇರುವ ಊರು ಇದು. ಗೇಲಿ ಮಾಡುವಾಗ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅನ್ನುವುದನ್ನು ನೀವೂ ಕೇಳಿರಬಹುದು. ಊರಿಗೆ ಈ ಕಾಯಿಲೆ ಹೊಸದೇನಲ್ಲ. ಆದರೂ ಬಾಡಿಗೆಗೆ ಮನೆ ಸಿಗಲು ನಮಗೆ ಎಂಟು ತಿಂಗಳು ಬೇಕಾಯಿತು. ಹೊರಗೆ ಬೋರ್ಡ್ ಹಾಕಿಲ್ಲ. ಬೇಕಂತಲೇ ಹಾಕಿಲ್ಲ.

ಬೆಳಿಗ್ಗೆ ಒಬ್ಬರು ಹಾಲು ತರುತ್ತಾರೆ, ಒಬ್ಬರು ಅಂಗಳ ಗುಡಿಸುತ್ತಾರೆ. ಹೆಂಗಸರ ಮನೆಯಲ್ಲಿ ರೊಟ್ಟಿ ಬಡಿಯಲು ಪೈಪೋಟಿ, ಕಾಯಿಪಲ್ಯ ಹೆಚ್ಚಲು ಮಾತ್ರ ಯಾರಿಗೂ ಮನಸ್ಸಿಲ್ಲ. ಇಬ್ಬರು ಅರ್ಧ ದಿನದ ಕೆಲಸಕ್ಕೆ ಹೋಗುತ್ತಾರೆ. ಒಬ್ಬರು ಪ್ರಿಂಟಿಂಗ್ ಪ್ರೆಸ್ಸಿಗೆ, ಇನ್ನೊಬ್ಬರು ಟೇಲರ್ ಅಂಗಡಿಗೆ. ಕೆಲವರು ತುಂಬಾ ಹೊತ್ತು ಸುಮ್ನೆ ಕೂತಿರುತ್ತಾರೆ. ಬಂದವರು ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಅಲ್ಲ. ಕಿವಿಯಲ್ಲಿ ಇಲ್ಲದ ದನಿ ಕೇಳುವುದು ನಿಂತ ಮೇಲೂ ಸ್ಕಿಜೋಫ್ರೇನಿಯಾ ಇಂಥ ಮಂಕನ್ನು ಉಳಿಸಿ ಹೋಗುತ್ತದೆ. ಗುಳಿಗೆಗಳಿಂದ ಅದು ಅಷ್ಟಾಗಿ ಹೋಗುವುದಿಲ್ಲ. ‘ಏಳ್ರಿ, ಚಾ ಆಗೇದ’ ಅಂತ ದಿನಾ ಒಬ್ಬರು ಬಂದು ಕರೆಯಬೇಕು.

ಹಗಲಿನ ಖರ್ಚು ಹೇಗೋ ನಡೆಯುತ್ತದೆ. ಮನೆಯವರು ಕೈಲಾದಷ್ಟು ಕೊಡುತ್ತಾರೆ. ಕೆಲವರಿಗೆ ಅಂಗವಿಕಲರ ಪಿಂಚಣಿ ಬರುತ್ತದೆ. ಅಕ್ಕಿ ಬೇಳೆಯನ್ನು ನೀವೇ ತಂದು ಕೊಡುತ್ತೀರಿ. ನಮ್ಮ ತೊಂದರೆ ರಾತ್ರಿಯದು.

ಈ ಕಾಯಿಲೆ ಮತ್ತೆ ತಲೆ ಎತ್ತುವಾಗ ಹೆಚ್ಚಾಗಿ ಮೊದಲು ಕೆಡುವುದು ನಿದ್ದೆ. ಐಟಿಐ ಓದಿ ಫಿಟ್ಟರ್ ಆಗಿದ್ದ ಒಬ್ಬರು ನಮ್ಮಲ್ಲಿದ್ದಾರೆ. ಹೋದ ಶ್ರಾವಣದಲ್ಲಿ ಅವರು ರಾತ್ರಿ ಎರಡಕ್ಕೆ ಎದ್ದು ಹಿತ್ತಿಲಲ್ಲಿ ಓಡಾಡತೊಡಗಿದರು. ಹಗಲು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮಾತು ನಗು ಸ್ವಲ್ಪ ಜಾಸ್ತಿಯೇ ಇತ್ತು, ನಮಗೆ ಖುಷಿಯೂ ಆಗಿತ್ತು. ಆ ಮನೆಯಲ್ಲಿ ರಾತ್ರಿ ಎಚ್ಚರ ಇರುವವರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಕಾಕಾ ಎರಡು ರಾತ್ರಿ ನೋಡಿದರು, ಪುಸ್ತಕದಲ್ಲಿ ಬರೆದಿಟ್ಟರು, ಮೂರನೇ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿಸಿದರು. ಡೋಸ್ ಬದಲಾಯಿತು. ಹತ್ತು ದಿನದಲ್ಲಿ ನಿದ್ದೆ ಹಳಿಗೆ ಬಂತು. ಊರಲ್ಲಿದ್ದಾಗ ಇದೇ ಹಂತ ಯಾರ ಕಣ್ಣಿಗೂ ಬೀಳದೆ ನಾಲ್ಕು ಸಲ ಅವರನ್ನು ಕೈಕಾಲು ಕಟ್ಟಿ ಜೀಪಿನಲ್ಲಿ ಆಸ್ಪತ್ರೆಗೆ ತಂದಿದ್ದರಂತೆ. ಕಟ್ಟಿದ್ದು ಸ್ವಂತ ತಮ್ಮ. ಅವನನ್ನು ನಾವು ಬೈಯುವುದಿಲ್ಲ. ಸರಿರಾತ್ರಿ, ಹಳ್ಳಿ, ಮನೆಯಲ್ಲಿ ಸಣ್ಣ ಮಕ್ಕಳು. ಅವನಾದರೂ ಏನು ಮಾಡಬೇಕಿತ್ತು?

ಇನ್ನು ಗುಳಿಗೆ. ನಮ್ಮಲ್ಲಿ ಇಬ್ಬರು ಕ್ಲೋಜಪಿನ್ ತಗೊಳ್ಳುತ್ತಾರೆ. ಬೇರೆ ಔಷಧಿ ನಾಟದವರಿಗೆ ಕೊಡುವ ಔಷಧಿ ಅದು. ಬಿಳಿ ರಕ್ತಕಣ ಕಡಿಮೆಯಾಗಬಹುದು ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಎರಡು ದಿನಕ್ಕಿಂತ ಜಾಸ್ತಿ ತಪ್ಪಿದರೆ ಹಳೆಯ ಡೋಸನ್ನು ಹಾಗೇ ಶುರು ಮಾಡುವಂತಿಲ್ಲ, ಮೊದಲಿನಿಂದ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಅದಕ್ಕೇ ಊಟದ ನಂತರ ಎದುರಿಗೆ ನಿಂತು ನುಂಗಿಸುವವರು ಬೇಕು. ಬೀಡಿ ಸೇದುವವರು ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಈ ಔಷಧಿಯ ಮಟ್ಟ ಏರುತ್ತದೆ. ಬೀಡಿ ಬಿಟ್ಟೆ ಅಂದವರಿಗೆ ಶಹಬ್ಬಾಸ್ ಹೇಳುವ ಮೊದಲು ಡಾಕ್ಟರಿಗೆ ಹೇಳಬೇಕು. ವಿಚಿತ್ರ ಅಲ್ವಾ? ಹಾಗಾಗಿ ಕಾಕಾನ ಪುಸ್ತಕದಲ್ಲಿ ನಿದ್ದೆಯ ಲೆಕ್ಕದ ಜೊತೆ ಬೀಡಿಯ ಲೆಕ್ಕವೂ ಇದೆ.

‘ಇಷ್ಟೆಲ್ಲಾ ಯಾಕ್ರಿ, ರಾತ್ರಿ ಹೊರಗಿನಿಂದ ಕೀಲಿ ಹಾಕಿದರಾಯ್ತು’ ಎಂದು ಹಿತೈಷಿಗಳೇ ಹೇಳಿದ್ದಾರೆ. ಕೀಲಿಗೆ ಸಂಬಳ ಕೊಡಬೇಕಿಲ್ಲ, ನಿಜ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಇಂಥವರನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಜನ ಸತ್ತರು. ನಮ್ಮ ಎರಡೂ ಮನೆಗಳಿಗೆ ಚಿಲಕ ಇರುವುದು ಒಳಗಿನಿಂದ ಮಾತ್ರ. ಅದು ಹಾಗೇ ಇರಬೇಕು.

ಇದು ಸರ್ಕಾರದ ಕೆಲಸ ಅಲ್ವಾ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕಬಾರದು ಎನ್ನುತ್ತದೆ. ಮನೆಯವರು ಒಲ್ಲೆ ಅಂದರು, ಹೋಗಲು ಮನೆ ಇಲ್ಲ ಅನ್ನುವ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ. ನಮ್ಮಂಥ ಮನೆಗಳನ್ನು ಒದಗಿಸುವುದು ಸರ್ಕಾರದ ಹೊಣೆ ಅಂತಲೂ ಅದರಲ್ಲಿದೆ. ಅರ್ಜಿ ಹಾಕಿದ್ದೇವೆ, ಹಾಕುತ್ತಲೇ ಇದ್ದೇವೆ. ಇವತ್ತಿನ ರಾತ್ರಿಗೆ ಮಾತ್ರ ಯಾರಾದರೂ ಇರಲೇಬೇಕಲ್ಲ.

ಈಗ ಮನೆಗೊಬ್ಬರಂತೆ ಇಬ್ಬರಿದ್ದಾರೆ. ವಾರದ ಏಳೂ ರಾತ್ರಿ ಅವರೇ. ಕಾಕಾಗೆ 58. ಮಗಳ ಮದುವೆಗೂ ಎರಡೇ ದಿನ ರಜೆ ತಗೊಂಡರು, ಆ ಎರಡು ರಾತ್ರಿ ನಮ್ಮ ಟ್ರಸ್ಟಿನವರೇ ಹೋಗಿ ಮಲಗಿದೆವು. ಮಲಗಿದೆವು ಅನ್ನುವುದು ಬಾಯಿಮಾತು, ನಿದ್ದೆ ಎಲ್ಲಿ ಬರಬೇಕು? ಇನ್ನೂ ಇಬ್ಬರು ಬೇಕು. ಒಬ್ಬರಿಗೆ ತಿಂಗಳಿಗೆ 15,000 ರೂಪಾಯಿ. ಇಬ್ಬರಿಗೆ ವರ್ಷಕ್ಕೆ 3,60,000. ಒಂದು ಮನೆಯ ಒಂದು ರಾತ್ರಿಗೆ ಲೆಕ್ಕ ಹಾಕಿದರೆ 500 ರೂಪಾಯಿ.

ಬಿಚ್ಚಿ ಹೇಳುತ್ತೇವೆ, ತಪ್ಪು ತಿಳಿಯಬೇಡಿ. ಕಟ್ಟಡಕ್ಕೆ ಕೇಳಿದರೆ ಜನ ಕೊಡುತ್ತಾರೆ, ಹೆಸರಿನ ಕಲ್ಲು ಇರುತ್ತದೆ. ಫ್ಯಾನ್ ಕೊಡುತ್ತಾರೆ, ಮಿಕ್ಸಿ ಕೊಡುತ್ತಾರೆ. ಮಿಕ್ಸಿ ನಮ್ಮಲ್ಲಿ ಈಗಲೇ ಮೂರಿವೆ. ಸಂಬಳ ಅಂದ ಕೂಡಲೇ ‘ಸೇವೆ ಅಂದಮೇಲೆ ಸಂಬಳ ಯಾಕ್ರಿ’ ಅನ್ನುತ್ತಾರೆ. ಕಾಕಾಗೂ ಮನೆ ಇದೆ, ಕಿರಾಣಿ ಅಂಗಡಿಯ ಉದ್ರಿ ಇದೆ.

ಖಾತೆಯ ವಿವರ ಈ ಪತ್ರದ ಜೊತೆಗಿನ ಚೀಟಿಯಲ್ಲಿದೆ. ಆದಾಯ ತೆರಿಗೆ ವಿನಾಯಿತಿಗೆ ರಸೀದಿ ಕೊಡುತ್ತೇವೆ, ಪ್ಯಾನ್ ನಂಬರ್ ಕಳಿಸಿ. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಒಳ್ಳೆಯದು. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ನಾವು ತಗೊಳ್ಳುವಂತಿಲ್ಲ.

ನೋಡಿಯೇ ಕೊಡುತ್ತೇವೆ ಅನ್ನುವವರು ಭಾನುವಾರ ಸಂಜೆ ನಾಲ್ಕಕ್ಕೆ ಚಹಾಕ್ಕೆ ಬನ್ನಿ. ಮೊದಲು ಫೋನ್ ಮಾಡಿ, ಅದು ಅವರ ಮನೆ. ಫೋಟೊ ಬೇಡ. ಪುಸ್ತಕ ಮಾತ್ರ ಕೇಳಬೇಡಿ, ಅದನ್ನು ಕಾಕಾ ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ತೋರಿಸುವುದಿಲ್ಲ.

ಈ ಸಲ ದೀಪಾವಳಿಗೆ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದಿದ್ದಾರೆ ಕಾಕಾ. ಅಷ್ಟರೊಳಗೆ ಒಬ್ಬರನ್ನಾದರೂ ಕೆಲಸಕ್ಕೆ ತಗೊಂಡು, ಒಂದು ತಿಂಗಳು ಅವರ ಕೈಕೆಳಗೆ ಪಳಗಿಸಬೇಕು.

ನಿಮ್ಮವರು,
ಟ್ರಸ್ಟಿನ ಪರವಾಗಿ, ಧಾರವಾಡ