ಅಪ್ಪನ ಊಟದ ಲೆಕ್ಕ ಹೊಸ ಆ್ಯಪ್‌ಗೆ

ಕೋಥ್ರೂಡ್, ಪುಣೆ

ವೈನಿಯವರಿಗೆ ನಮಸ್ಕಾರಗಳು. ಅಪ್ಪ, ಅವ್ವನಿಗೆ ಸಾಷ್ಟಾಂಗ ನಮಸ್ಕಾರ ಹೇಳ್ರಿ. ಇಲ್ಲಿ ಎಲ್ಲರೂ ಕ್ಷೇಮ.

ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಕುಕ್ಕರ್ ಸೀಟಿಯಲ್ಲೇ ಹೋಗುತ್ತದೆ, ಅದಕ್ಕೇ ಕಾಗದ. ಸಕ್ಕರೆ ಕಾಯಿಲೆಯ ಅಪ್ಪನ ಊಟದ ಲೆಕ್ಕಕ್ಕೆ ಹಳೆಯ ಆ್ಯಪ್ ಬಿಟ್ಟು ಕ್ರೋನೋಮೀಟರ್ ಅನ್ನುವ ಹೊಸ ಆ್ಯಪ್ ಹಾಕಿಕೊಂಡಿರಿ, ಮರುದಿನವೇ ಅಪ್ಪನ ಕಾರ್ಬ್, ಅಂದರೆ ಕಾರ್ಬೋಹೈಡ್ರೇಟ್, ಏರಿದಂತೆ ಕಂಡಿತು ಅಂದಿರಿ. ಅಪ್ಪ ತಿಂದದ್ದು ಅವೇ ನಾಲ್ಕು ರೊಟ್ಟಿ. ಊಟ ಬದಲಾಗಿಲ್ಲ, ಯಾವ ಪದಾರ್ಥದಲ್ಲಿ ಏನೆಷ್ಟಿದೆ ಅಂತ ಆ್ಯಪ್ ನೋಡುವ ಕೋಷ್ಟಕ ಬದಲಾಗಿದೆ. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಜೋಡಿಸಿ ನೋಡಿ ಹೆಚ್ಚಾಯ್ತು, ಕಡಿಮೆಯಾಯ್ತು ಅನ್ನಬ್ಯಾಡ್ರಿ. ಆ ಅಂಕಿ ನೋಡಿ ಅಪ್ಪನ ಗುಳಿಗೆಯ ಪ್ರಮಾಣವನ್ನಂತೂ ಬದಲಿಸಲೇಬ್ಯಾಡ್ರಿ. ಡಾಕ್ಟರಿಗೆ ಬೇಕಾದದ್ದು ಗ್ಲೂಕೋಮೀಟರಿನ ಅಂಕಿ ಮತ್ತು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ.

ಹಳೆಯ ಆ್ಯಪನ್ನು ಇನ್ನೂ ಅಳಿಸಿಲ್ಲ ತಾನೆ? ಅದರೊಳಗಿನ ದಾಖಲೆಯನ್ನು ಮೊದಲು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳ್ರಿ. ಈ ಸೌಲಭ್ಯ ಎಷ್ಟೋ ಸಲ ಫೋನಿನ ಆ್ಯಪಿನಲ್ಲಿ ಇರುವುದಿಲ್ಲ, ಅದೇ ಖಾತೆಯಿಂದ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ತೆರೆದರೆ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಫೈಲನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಗೀಚಿದಂತೆ ಕಾಣುತ್ತವೆ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತಂದು ಯುಟಿಎಫ್-8 ಆರಿಸಿಕೊಂಡರೆ ಅಕ್ಷರ ಸರಿಯಾಗಿ ಬರುತ್ತವೆ, ಗೂಗಲ್ ಶೀಟ್ಸ್‌ನಲ್ಲಾದರೆ ಅಷ್ಟೂ ಬೇಡ. ತಾರೀಖಿನ ಮೇಲೊಂದು ಕಣ್ಣಿರಲಿ. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/05 ಅಂದರೆ ಅವರಿಗೆ ಏಪ್ರಿಲ್ 5, ನಮಗೆ ಮೇ 4. ಹನ್ನೆರಡನೇ ತಾರೀಖಿನವರೆಗೆ ತಪ್ಪು ಗೊತ್ತೇ ಆಗುವುದಿಲ್ಲ, ಹದಿಮೂರರಿಂದ ಸಾಲುಗಳು ಕೆಡುತ್ತವೆ. ಈ ಫೈಲನ್ನು ಹೊಸ ಆ್ಯಪಿನೊಳಗೆ ತುಂಬಿಸಲು ಹೋಗಬ್ಯಾಡ್ರಿ. ತೂಕ ಮತ್ತು ಸಕ್ಕರೆಯ ಹಳೆಯ ಅಂಕಿ ಮಾತ್ರ ಬೇಕು, ಊಟದ ಪುಟಗಳು ಪೆಟ್ಟಿಗೆಯಲ್ಲಿದ್ದರೆ ಸಾಕು.

ಈಗ ಕಾರ್ಬಿನ ವಿಷಯ. ಇದೊಂದನ್ನು ಮಾತ್ರ ನಿಧಾನವಾಗಿ ಓದ್ರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಕೋಷ್ಟಕ ಹೊರತಂದಿತು, ಅದರಲ್ಲಿ 528 ಪದಾರ್ಥಗಳಿವೆ. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಕಾರ್ಬೋಹೈಡ್ರೇಟ್ 67.7 ಗ್ರಾಂ, ನಾರು 10.2 ಗ್ರಾಂ. ಇಲ್ಲಿ ನಾರನ್ನು ಕಳೆದೇ ಕಾರ್ಬ್ ಬರೆದಿದ್ದಾರೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಹಾಗಿಲ್ಲ, ಅಲ್ಲಿ ನಾರೂ ಕಾರ್ಬಿನೊಳಗೇ ಸೇರಿದೆ. ಅವರ ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 76.6 ಗ್ರಾಂ ಕಾರ್ಬ್, 6.6 ಗ್ರಾಂ ನಾರು. ಕ್ರೋನೋಮೀಟರಿನ ಸಿದ್ಧ ಪಟ್ಟಿ ಬಹಳಷ್ಟು ಇಂಥ ಅಮೆರಿಕದ ಕೋಷ್ಟಕಗಳ ಮೇಲೆ ನಿಂತಿದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ನಮ್ಮ ಕೋಷ್ಟಕ 33.9 ಅಂದರೆ ಅದು 38.3 ಅನ್ನುತ್ತದೆ. ನಾಲ್ಕು ರೊಟ್ಟಿಗೆ ಸುಮಾರು 18 ಗ್ರಾಂ ಏರಿಕೆ, ಒಂದು ತುತ್ತೂ ಹೆಚ್ಚು ತಿನ್ನದೆ!

ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದು. ನೀವು ನಮ್ಮ ಕೋಷ್ಟಕ ನೋಡಿ ಕಸ್ಟಮ್ ಫುಡ್ ಅಂತ ಜೋಳದ ಹಿಟ್ಟು ಸೇರಿಸುತ್ತೀರಿ. ಕಾರ್ಬ್ ಖಾನೆಗೆ 67.7, ನಾರಿನ ಖಾನೆಗೆ 10.2 ಹಾಕುತ್ತೀರಿ. ಆ್ಯಪ್ 'ನೆಟ್ ಕಾರ್ಬ್' ಲೆಕ್ಕ ಮಾಡುವಾಗ ನಾರನ್ನು ಇನ್ನೊಮ್ಮೆ ಕಳೆದು 57.5 ತೋರಿಸುತ್ತದೆ. ರೊಟ್ಟಿಗೆ 34 ಇದ್ದದ್ದು 29 ಆಗುತ್ತದೆ, ನಾಲ್ಕಕ್ಕೆ 20 ಗ್ರಾಂ ಮಾಯ. ಸಕ್ಕರೆ ಇದ್ದವರ ಮನೆಯಲ್ಲಿ ಹೆಚ್ಚು ತೋರಿಸುವ ತಪ್ಪಿಗಿಂತ ಕಡಿಮೆ ತೋರಿಸುವ ತಪ್ಪು ಅಪಾಯ. ಅದಕ್ಕೆ ಕಾರ್ಬ್ ಖಾನೆಯಲ್ಲಿ 67.7 ಮತ್ತು 10.2 ಕೂಡಿಸಿ 77.9 ಅಂತ ಬರೆಯಿರಿ, ನಾರು 10.2 ಇರಲಿ. ಆಗ ನೆಟ್ 67.7 ಬರುತ್ತದೆ. ರಾಗಿ, ಸಜ್ಜಿ, ತೊಗರಿ ಬ್ಯಾಳಿ, ನಮ್ಮ ಕೋಷ್ಟಕದಿಂದ ಏನೇ ಸೇರಿಸಿದರೂ ಹೀಗೇ. ದಿನಾ ನೋಡುವುದು ನೆಟ್ ಅಂಕಿ ಮಾತ್ರ ಅಂತ ಒಮ್ಮೆ ತೀರ್ಮಾನಿಸಿ, ಅದನ್ನೇ ಹಿಡಿದುಕೊಂಡು ಹೋಗ್ರಿ.

ನಮ್ಮ ಕೋಷ್ಟಕದಲ್ಲಿ ಶಕ್ತಿ ಕಿಲೋಜೂಲ್‌ನಲ್ಲಿದೆ, ಜೋಳಕ್ಕೆ 1398. ಅದನ್ನು ಹಾಗೇ ಕ್ಯಾಲರಿ ಖಾನೆಗೆ ಹಾಕಿದರೆ ಒಂದು ರೊಟ್ಟಿ 699 ಕ್ಯಾಲರಿ ಆಗಿಬಿಡುತ್ತದೆ, ಅಪ್ಪ ಗಾಬರಿಯಾಗಿ ಊಟವನ್ನೇ ಬಿಟ್ಟಾರು. 4.184ರಿಂದ ಭಾಗಿಸಿದರೆ 334, ಅಂದರೆ ರೊಟ್ಟಿಗೆ 167.

ರೊಟ್ಟಿಯನ್ನು ತೂಗಬ್ಯಾಡ್ರಿ, ಹಿಟ್ಟನ್ನು ತೂಗ್ರಿ. ಎಸರು ಹಾಕಿ ನಾದಿದ ಮೇಲೆ ಎಷ್ಟು ನೀರು ಉಳಿಯಿತು, ಹಂಚಿನ ಮೇಲೆ ಎಷ್ಟು ಹೋಯಿತು ಅಂತ ಹೇಳುವವರಾರು? ಬಿಸಿ ರೊಟ್ಟಿಯನ್ನೇ ಒಣಗಿಸಿ ಖಡಕ್ ಮಾಡಿದರೆ ತೂಕ ಇಳಿಯುತ್ತದೆ, ಹಿಟ್ಟು ಅಷ್ಟೇ ಇರುತ್ತದೆ. ಮೆತ್ತನೆ ರೊಟ್ಟಿಯ 100 ಗ್ರಾಂ ಲೆಕ್ಕವನ್ನು ಖಡಕ್ ರೊಟ್ಟಿಗೆ ಹಾಕಿದರೆ ಕ್ಯಾಲರಿ ಸುಳ್ಳೇ ಕಡಿಮೆ ಬರುತ್ತದೆ. ಹಿಟ್ಟಿನ ಡಬ್ಬಿಯನ್ನು ಮೊದಲೊಮ್ಮೆ ತೂಗಿ, ರೊಟ್ಟಿ ಬಡಿದು ಮುಗಿದ ಮೇಲೆ ಇನ್ನೊಮ್ಮೆ ತೂಗ್ರಿ. ತಟ್ಟುವಾಗ ಉದುರಿಸುವ ಹಿಟ್ಟೂ ಅದರಲ್ಲೇ ಬರುತ್ತದೆ. ಇಳಿದ ತೂಕವನ್ನು ರೊಟ್ಟಿಯ ಸಂಖ್ಯೆಯಿಂದ ಭಾಗಿಸ್ರಿ. 500 ಗ್ರಾಂ ಹಿಟ್ಟಿಗೆ ಹತ್ತು ರೊಟ್ಟಿ ಆದರೆ ರೊಟ್ಟಿಗೆ 50 ಗ್ರಾಂ, ಪ್ರೋಟೀನ್ 5, ನಾರು 5. ಒಂದು ವಾರ ಹೀಗೆ ತೂಗಿದರೆ ನಿಮ್ಮ ಕೈ ಅಳತೆ ಎಷ್ಟು ಅಂತ ತಿಳಿಯುತ್ತದೆ, ಆಮೇಲೆ ತಕ್ಕಡಿ ಬೇಡ.

ಸಾರು, ಬ್ಯಾಳಿ, ಪಲ್ಯಕ್ಕೆ ಪಾತ್ರೆಯ ತೂಕ ಬೇಕು. ನಿತ್ಯ ಬಳಸುವ ಮೂರು ಪಾತ್ರೆಗಳನ್ನು ಖಾಲಿ ಇದ್ದಾಗ ತೂಗಿ, ತಳದಲ್ಲಿ ಮಾರ್ಕರಿನಿಂದ ಬರೆದಿಟ್ಟುಕೊಳ್ಳ್ರಿ. ಅಳಿಸಿ ಹೋದರೆ ಗೋಡೆಯ ಕ್ಯಾಲೆಂಡರ್ ಇದೆಯಲ್ಲ. ಒಂದು ಲೆಕ್ಕ ನೋಡ್ರಿ: ಪಾತ್ರೆ 620 ಗ್ರಾಂ, ಕುದಿದು ಇಳಿಸಿದಾಗ 2120, ಅಂದರೆ ಬ್ಯಾಳಿ 1500 ಗ್ರಾಂ. ಅದಕ್ಕೆ ಹಾಕಿದ ತೊಗರಿ ಬ್ಯಾಳಿ 150 ಗ್ರಾಂ, ಎಣ್ಣೆ ಮೂರು ಸಣ್ಣ ಚಮಚ. ಇಷ್ಟನ್ನು ಕಸ್ಟಮ್ ರೆಸಿಪಿಯಲ್ಲಿ ಬರೆದು ಒಟ್ಟು ತೂಕ 1500 ಅಂತ ಕೊಟ್ಟರೆ, ಅಪ್ಪನ ವಾಟಿಯಲ್ಲಿ 150 ಗ್ರಾಂ ಬಿದ್ದಾಗ ಆ್ಯಪೇ ಹತ್ತನೇ ಒಂದು ಪಾಲು ತೆಗೆಯುತ್ತದೆ. ಆ ವಾಟಿಯೊಳಗೆ ಇರುವುದು 15 ಗ್ರಾಂ ಒಣ ಬ್ಯಾಳಿ, ಪ್ರೋಟೀನ್ 3 ಗ್ರಾಂ ಚಿಲ್ಲರೆ. ಸಿದ್ಧ ಪಟ್ಟಿಯಲ್ಲಿ 'ದಾಲ್ ಒಂದು ಕಪ್' ಅಂತ ಇದ್ದದ್ದನ್ನು ಒತ್ತಿದರೆ ಅದು ಗಟ್ಟಿ ಬ್ಯಾಳಿಯ ಲೆಕ್ಕ ಕೊಡುತ್ತದೆ. ನಮ್ಮ ತಿಳಿ ಬ್ಯಾಳಿಗೆ ಅದು ಹೊಂದುವುದಿಲ್ಲ. ಅಪ್ಪನಿಗೆ ಪ್ರೋಟೀನ್ ಸಾಕಾಗುತ್ತಿದೆ ಅಂತ ಇಷ್ಟು ದಿನ ಅಂದುಕೊಂಡದ್ದು ಇಂಥ ಕಪ್ಪಿನ ಮೇಲೆ ನಿಂತಿರಬಹುದು.

ಅನ್ನದಲ್ಲಿ ಹಸಿ ಅಕ್ಕಿ ಯಾವುದು, ಬೆಂದದ್ದು ಯಾವುದು ನೋಡಿ ಆರಿಸ್ರಿ. ಅಕ್ಕಿ 100 ಗ್ರಾಂಗೆ 356 ಕ್ಯಾಲರಿ, ಬೆಂದ ಅನ್ನಕ್ಕೆ ಸುಮಾರು 130. ತಾಟಿನ 150 ಗ್ರಾಂ ಅನ್ನವನ್ನು ಹಸಿ ಅಕ್ಕಿಯ ಹೆಸರಲ್ಲಿ ಹಾಕಿದರೆ 195ರ ಜಾಗದಲ್ಲಿ 534 ಬರುತ್ತದೆ.

ಎಣ್ಣೆಯನ್ನು ದಿನಾ ಅಳೆಯುವುದು ಯಾರಿಂದಲೂ ಆಗದ ಕೆಲಸ, ಅಡಿಗೆಮನೆಯ ತಕ್ಕಡಿ ನಾಲ್ಕೈದು ಗ್ರಾಂ ಸರಿಯಾಗಿ ಹಿಡಿಯುವುದೂ ಇಲ್ಲ. ತಿಂಗಳ ಲೆಕ್ಕವೇ ಸರಿ. ಐದು ಮಂದಿಗೆ ನಾಲ್ಕು ಲೀಟರ್ ಖರ್ಚಾದರೆ, ಲೀಟರಿಗೆ 915 ಗ್ರಾಂ ಹಿಡಿದು, ಒಬ್ಬರಿಗೆ ದಿನಕ್ಕೆ 24 ಗ್ರಾಂ. ಪೋಷಣಾ ಸಂಸ್ಥೆಯ 2000 ಕ್ಯಾಲರಿಯ ಮಾದರಿ ತಾಟಿನಲ್ಲಿ ಎಣ್ಣೆ, ಕೊಬ್ಬಿಗೆ ಇಟ್ಟದ್ದು 27 ಗ್ರಾಂ. ಶೇಂಗಾ ಚಟ್ನಿ ಇದರಲ್ಲಿ ಬರುವುದಿಲ್ಲ, ಅದನ್ನು ಬೇರೆ ಬರೆಯಿರಿ. 10 ಗ್ರಾಂ ಶೇಂಗಾ ಅಂದರೆ 52 ಕ್ಯಾಲರಿ, ಮತ್ತು ಅಪ್ಪ ಒಂದು ಚಮಚಕ್ಕೆ ನಿಲ್ಲುವವರಲ್ಲ.

ಯಾರೋ ಬಳಕೆದಾರರು ಸೇರಿಸಿದ ಹೆಸರುಗಳನ್ನು ಪರೀಕ್ಷಿಸದೆ ತೊಗೋಬ್ಯಾಡ್ರಿ. ಕಾರ್ಬ್ ಮತ್ತು ಪ್ರೋಟೀನನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸ್ರಿ. 'ಜೋಳದ ರೊಟ್ಟಿ ಒಂದು, 90 ಕ್ಯಾಲರಿ, ಕಾರ್ಬ್ 35, ಪ್ರೋಟೀನ್ 5, ಕೊಬ್ಬು 1' ಅಂತ ಇದ್ದರೆ ಕೂಡಿಸಿದಾಗ 169 ಬರುತ್ತದೆ, ಆ ಸಾಲು ಕಸದ ಬುಟ್ಟಿಗೆ. ನಾರು ಹೆಚ್ಚಿದ್ದಲ್ಲಿ ಹತ್ತಿಪ್ಪತ್ತು ಕ್ಯಾಲರಿ ಹೆಚ್ಚುಕಡಿಮೆ ಆಗುವುದು ಸಹಜ. ಖಾಲಿ ಬಿಟ್ಟ ಖಾನೆಯನ್ನು ಆ್ಯಪ್ ಸೊನ್ನೆ ಅಂತಲೇ ಕೂಡಿಸುತ್ತದೆ, ಅದೂ ಗೊತ್ತಿರಲಿ. ಅವ್ವನ ರಾಗಿ ಅಂಬಲಿಗೆ ಕ್ಯಾಲರಿ ಮಾತ್ರ ಬರೆದು ಬಿಟ್ಟರೆ ಕ್ಯಾಲ್ಸಿಯಂ ಕೊರತೆ ಅಂತ ಕೆಂಪು ಗೆರೆ ಬರುತ್ತದೆ, ನಿಜಕ್ಕೂ 30 ಗ್ರಾಂ ರಾಗಿಯಲ್ಲೇ 109 ಮಿಲಿಗ್ರಾಂ ಇದೆ. ಕೆಂಪು ಗೆರೆ ಕಂಡು ಔಷಧದಂಗಡಿಗೆ ಹೋಗುವ ಮೊದಲು ಆ ದಿನದ ಖಾಲಿ ಖಾನೆ ನೋಡ್ರಿ.

ಇನ್ನು ಅಪ್ಪನ ಗುರಿ. 66 ವರ್ಷ, 68 ಕೆ.ಜಿ., 165 ಸೆಂ.ಮೀ. ಹಾಕಿದರೆ ಮಿಫ್ಲಿನ್ ಸೂತ್ರದಲ್ಲಿ ಮಲಗಿದ್ದರೂ ಬೇಕಾಗುವ ಶಕ್ತಿ 1386 ಕ್ಯಾಲರಿ. ಕೂತು ಇರುವವರಿಗೆ ಅದನ್ನು 1.2ರಿಂದ ಗುಣಿಸುತ್ತಾರೆ, 1663. ಅಪ್ಪ ಬೆಳಿಗ್ಗೆ ಅಡ್ಡಾಡಲು ಹೋಗುತ್ತಾರೆ ಅಂತ ಚಟುವಟಿಕೆಯನ್ನು ಒಂದು ಮೆಟ್ಟಿಲು ಮೇಲೆ, 1.375ಕ್ಕೆ ಇಟ್ಟರೆ 1906 ಆಗುತ್ತದೆ. ಅದರ ಮೇಲೆ ವಾಚಿನ ಹೆಜ್ಜೆಗಳೂ ಸೇರಿದರೆ ಒಂದೇ ನಡಿಗೆಗೆ ಎರಡು ಸಲ ಊಟ. ವಾಚು ಜೋಡಿಸಿದ್ದರೆ ಚಟುವಟಿಕೆ ಕೆಳಗಿನ ಮೆಟ್ಟಿಲಲ್ಲೇ ಇರಲಿ. ತೂಕ ಇಳಿಸು ಅನ್ನುವ ಆಯ್ಕೆ ಬೇಡ, ತೂಕ ಉಳಿಸು ಅಂತ ಇಡ್ರಿ. ಪ್ರೋಟೀನನ್ನು ಶೇಕಡಾ ಲೆಕ್ಕದಲ್ಲಿ ಬಿಡಬ್ಯಾಡ್ರಿ, 1663 ಕ್ಯಾಲರಿಯಲ್ಲಿ ಶೇ. 30 ಅಂತ ಇದ್ದರೆ ಅದು 125 ಗ್ರಾಂ ಕೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ಕೆ.ಜಿ.ಗೆ 0.83 ಗ್ರಾಂ, ಅಪ್ಪನಿಗೆ 56. ಕಿಡ್ನಿಯ ಬಗ್ಗೆ ಡಾಕ್ಟರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು.

ಆಂಡ್ರಾಯ್ಡ್ ಫೋನಿನಲ್ಲಿ ಹೆಲ್ತ್ ಕನೆಕ್ಟ್ ಅಂತ ಇದೆ, ಆರೋಗ್ಯದ ಆ್ಯಪ್‌ಗಳು ತಮ್ಮತಮ್ಮಲ್ಲಿ ಅಂಕಿ ಹಂಚಿಕೊಳ್ಳುವ ಜಾಗ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಹಳೆಯದೂ ಹೊಸದೂ ಎರಡೂ ಅಲ್ಲಿಗೆ ಊಟ ಬರೆಯುತ್ತಿದ್ದರೆ ಅಲ್ಲಿಂದ ಓದುವ ವಾಚಿನ ಆ್ಯಪ್ ಎಲ್ಲವನ್ನೂ ದುಪ್ಪಟ್ಟು ತೋರಿಸಬಹುದು. ಹಳೆಯದಕ್ಕೆ ಕೊಟ್ಟ ಅನುಮತಿ ತೆಗೆದುಹಾಕ್ರಿ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಖಾತೆಯೂ ಹೋಗುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಮೇಲಿನ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ಕ್ಯಾನ್ಸಲ್ ಮಾಡ್ರಿ. ಅಣ್ಣ ಯುಪಿಐ ಆಟೋಪೇ ಹಾಕಿದ್ದರೆ ಅವನ ಪೇಮೆಂಟ್ ಆ್ಯಪಿನ ಆಟೋಪೇ ಪಟ್ಟಿಯಲ್ಲೂ ನೋಡಲಿ. ಆಮೇಲೆ ಖಾತೆಯನ್ನೇ ಅಳಿಸ್ರಿ, ಸುಮ್ಮನೆ ಬಿಟ್ಟ ಖಾತೆ ಒಳ್ಳೆಯದಲ್ಲ. 2018ರಲ್ಲಿ ಇಂಥದೇ ಊಟದ ಲೆಕ್ಕದ ಆ್ಯಪ್ ಮೈಫಿಟ್ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಇಮೇಲ್, ಗೂಢಲಿಪಿಯಲ್ಲಿದ್ದ ಪಾಸ್‌ವರ್ಡ್ ಸೋರಿದ್ದವು. ಅದೇ ಪಾಸ್‌ವರ್ಡ್ ಬ್ಯಾಂಕಿಗೂ ಇಟ್ಟಿದ್ದರೆ ಇವತ್ತೇ ಬದಲಿಸ್ರಿ. ಅಣ್ಣನ ಅಭ್ಯಾಸ ಗೊತ್ತಿದ್ದೇ ಹೇಳುತ್ತಿದ್ದೇನೆ.

ಆಷಾಢ ಏಕಾದಶಿಗೆ ಅಪ್ಪ ಇಲ್ಲಿಗೆ ಬರುತ್ತಾರಂತ ಕೇಳಿದೆ, ಆಳಂದಿ, ದೇಹುವಿನಿಂದ ಪಂಢರಪುರಕ್ಕೆ ಹೋಗುವ ಪಾಲಖಿಗಳೂ ಅದಕ್ಕೆ ಮುಂಚೆ ಪುಣೆಗೆ ಬಂದು ಹೋಗುತ್ತವೆ. ಜೋಳದ ಚಿಂತೆ ಇಲ್ಲ, ಇಲ್ಲಿ ಸೋಲಾಪುರ ಕಡೆಯ ಮಾಲದಂಡಿ ಸಿಗುತ್ತದೆ, ಭಾಕರಿಗೂ ರೊಟ್ಟಿಗೂ ಲೆಕ್ಕ ಒಂದೇ. ಹಾಲು ಮಾತ್ರ ಬೇರೆ. ಅಲ್ಲಿ ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇ. 3, ಇಲ್ಲಿ ಬಹಳ ಮನೆಗಳಲ್ಲಿ ತರುವುದು ಶೇ. 6ರ ಎಮ್ಮೆ ಹಾಲು. 300 ಮಿಲಿಗೆ 175 ಕ್ಯಾಲರಿ ಇದ್ದದ್ದು 260ರ ಹತ್ತಿರ ಹೋಗುತ್ತದೆ. ನಾನು ಆಕಳ ಹಾಲು ತರುತ್ತೇನೆ, ಶೇ. 3.5ರದ್ದು, ಅದನ್ನು ಬೇರೆ ಹೆಸರಲ್ಲಿ ಆ್ಯಪಿನಲ್ಲಿ ಸೇರಿಸಿಡ್ರಿ. ಉಪವಾಸದ ದಿನ ಸಾಬುದಾಣಿ ಖಿಚಡಿ ಮಾಡಿದರೆ ಅದನ್ನೂ ಒಣಗಿದ್ದಾಗಲೇ ತೂಗಬೇಕು, ನೆನೆದ ಮೇಲೆ ಅಲ್ಲ. 75 ಗ್ರಾಂ ಸಾಬುದಾಣಿಯಲ್ಲಿ ಕಾರ್ಬ್ 66 ಗ್ರಾಂ, ನಾರು ಹೆಸರಿಗಷ್ಟೇ. ಎರಡು ರೊಟ್ಟಿಯಷ್ಟು ಕಾರ್ಬ್ ಅದು, ಆದರೆ ಸಕ್ಕರೆ ಬೇಗ ಏರಿಸುತ್ತದೆ. ಅಪ್ಪನಿಗೆ ಅರ್ಧ ವಾಟಿ ಖಿಚಡಿ, ಜೊತೆಗೆ ಶೇಂಗಾ, ಮೊಸರು ಸಾಕು. ಗುಳಿಗೆ ತೊಗೊಂಡು ಪೂರ್ತಿ ಉಪವಾಸ ಇರುತ್ತೇನೆ ಅಂತ ಹಟ ಮಾಡಿದರೆ ಮೊದಲೇ ಡಾಕ್ಟರನ್ನು ಕೇಳಿ ಕಳಿಸ್ರಿ, ಕೆಲವು ಗುಳಿಗೆಗಳಿಂದ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರಾ ಇಳಿಯುತ್ತದೆ.

ಹಿಟ್ಟಿನ ತೂಕ, ರೊಟ್ಟಿಯ ಸಂಖ್ಯೆ, ಮೂರು ಪಾತ್ರೆಗಳ ತೂಕ, ಇಷ್ಟನ್ನು ವಾಟ್ಸಾಪಿನಲ್ಲಿ ಕಳಿಸಿದರೆ ರೆಸಿಪಿಗಳನ್ನು ನಾನೇ ತುಂಬಿಸಿಕೊಡುತ್ತೇನೆ. ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿಮ್ಮ ಮೈದುನ